ಸಿಮ್ ಜೊತೆ ಬಂದಿದ್ದ ಖಾತೆ

ಹೋದ ತಿಂಗಳು ರಜೆ ಹಾಕಿ ತಿಪಟೂರಿನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಬಿ.ಎಸ್‌ಸಿ ಎರಡನೇ ವರ್ಷ. "ಚಿಕ್ಕಿ, ನನ್ನ ಫ್ರೆಂಡ್ಸ್ ಇಬ್ಬರು ಬರ್ತಾರೆ, ಸ್ಕಾಲರ್‌ಶಿಪ್ ಅರ್ಜಿ ಸ್ವಲ್ಪ ನೋಡ್ತೀಯಾ" ಅಂದಳು. ಬೆಳಿಗ್ಗೆ ಹತ್ತಕ್ಕೆ ಜಗಲಿ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತವರು ಸಂಜೆವರೆಗೂ ಎದ್ದಿಲ್ಲ.

ಮೊದಲು ಅಕ್ಕನ ಮಗಳದ್ದೇ. ತೆಂಗಿನ ತೋಟ ಇದೆ, ರೈತರ ಮಕ್ಕಳಿಗೆ ಸರ್ಕಾರ ಕೊಡುವ ಸ್ಕಾಲರ್‌ಶಿಪ್ ರೈತ ವಿದ್ಯಾನಿಧಿ ಸಿಗಬೇಕು ತಾನೆ? 2021ರಲ್ಲಿ ಅದು ಶುರುವಾದಾಗ ಡಿಗ್ರಿ ಓದುವ ಹುಡುಗಿಯರಿಗೆ ವರ್ಷಕ್ಕೆ 5,500 ರೂಪಾಯಿ ಅಂತ ಇತ್ತು. ಆದರೆ ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಭಾವನ ಹೆಸರಿಗೆ ರೈತರ ಗುರುತಿನ ಸಂಖ್ಯೆ, ಅದೇ ಎಫ್‌ಐಡಿ, ಆಗಿಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋದು, ಅದನ್ನ ಮಾಡಿಸಿ ಅಂತ ಭಾವನಿಗೆ ಅಲ್ಲೇ ಹೇಳಿದೆ.

ಎರಡನೆಯವಳ ಕಥೆ ಕೇಳಿ ನನಗೆ ತಡೆಯಲಾಗಲಿಲ್ಲ. ಪರಿಶಿಷ್ಟ ಜಾತಿಯ ಹುಡುಗಿ, ಮನೆಯ ಆದಾಯ ಎರಡೂವರೆ ಲಕ್ಷದ ಮಿತಿಗಿಂತ ತುಂಬಾ ಕಡಿಮೆ. ಹೋದ ವರ್ಷವೇ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದಳು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ದಾಖಲೆಗಳ ಆನ್‌ಲೈನ್ ದೃಢೀಕರಣ ಎಲ್ಲಾ ಸರಿ ಇತ್ತು. ಹಣ ಸಂದಾಯವಾಗಿದೆ ಅಂತಲೂ ತೋರಿಸುತ್ತಿತ್ತು, ಪಾಸ್‌ಬುಕ್‌ನಲ್ಲಿ ಮಾತ್ರ ಏನೂ ಇಲ್ಲ. ಫೀಸಿಗೆ ಅವರಮ್ಮ ತಾವು ಕಾಯಿ ಸುಲಿಯುವ ಮಂಡಿಯಲ್ಲೇ ಸಾಲ ತಂದು, ವಾರದ ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಮುರಿಸಿಕೊಳ್ಳುತ್ತಿದ್ದಾರೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಈ ಹಣ ನಾವು ತೋರಿಸುವ ಪಾಸ್‌ಬುಕ್ಕಿಗೆ ಹೋಗುವುದಿಲ್ಲ, ಆಧಾರ್‌ಗೆ ಯಾವ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಜೋಡಣೆ ಸ್ಥಿತಿ ನೋಡಬಹುದು. ಓಟಿಪಿ ಅವರಮ್ಮನ ಫೋನಿಗೆ ಹೋಗುತ್ತಿತ್ತು. ಹುಡುಗಿ ಫೋನ್ ಮಾಡಿದಳು, ಅಮ್ಮ ಪಕ್ಕದಲ್ಲಿದ್ದ ಇನ್ನೊಬ್ಬ ಕೆಲಸದವರಿಂದ ಒಂದೊಂದೇ ಅಂಕಿ ಓದಿಸಿದರು. ತೆರೆದರೆ, ಅವಳು ಹೆಸರೇ ಕೇಳಿರದ ಒಂದು ಪೇಮೆಂಟ್ ಬ್ಯಾಂಕ್! ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಳು. ಆಮೇಲೆ, "ಬಸ್‌ಸ್ಟ್ಯಾಂಡ್ ಹತ್ರ ಸಿಮ್ ತಗೊಂಡಾಗ ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡ್ರು" ಅಂದಳು. ಆಗಲೇ ಖಾತೆ ತೆರೆದು ಜೋಡಿಸಿಬಿಟ್ಟಿದ್ದಾರೆ, ಅವಳಿಗೆ ಒಂದು ಮಾತೂ ಹೇಳದೆ. ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ಸಂಜೆ ಹಣ ತೆಗೆದುಕೊಡುವ ಒಂದು ಅಂಗಡಿಗೆ ಹೋಗಿ ಬೆರಳು ಇಟ್ಟು ನೋಡಿದರೆ ದುಡ್ಡು ಹಾಗೇ ಇತ್ತು.

ಮೂರನೆಯವನು ಗಾರೆ ಕೆಲಸದವರ ಮಗ. ಕಟ್ಟಡ ಕಾರ್ಮಿಕರ ಮಂಡಳಿ ಮಕ್ಕಳ ಓದಿಗೆ ಸಹಾಯಧನ ಕೊಡುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಅಪ್ಪನಿಗೆ ಲೇಬರ್ ಕಾರ್ಡ್ ಬೇಕು, ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. "ಅಪ್ಪ ಒಂದೇ ಕಡೆ ಮಾಡಲ್ಲ ಚಿಕ್ಕಿ, ಯಾರ ಹತ್ರ ಸಹಿ ಹಾಕಿಸಲಿ" ಅಂದ. ಅವನೂ ನನ್ನನ್ನ ಚಿಕ್ಕಿ ಅಂತಲೇ ಕರೆದ. ಅಪ್ಪ ಈ ವರ್ಷ ಕಟ್ಟಿದ ಮನೆಗಳನ್ನೆಲ್ಲ ಇಬ್ಬರೂ ಕೂತು ನೆನೆಸಿಕೊಂಡು ಬರೆದೆವು.

ಒಬ್ಬೊಬ್ಬ ಮಗುವಿಗೂ ಬೇರೆ ಬೇರೆ ಬಾಗಿಲು. ಪ್ರತಿ ಕಾಲೇಜಿನಲ್ಲೂ ಇದಕ್ಕೇ ಅಂತ ಒಬ್ಬರು ಜೊತೆಗೆ ಕೂರಬೇಕು, ಅಲ್ವಾ?

ಮೊನ್ನೆ ಹುಡುಗ ಫೋನ್ ಮಾಡಿದ್ದ. ಇಬ್ಬರು ಮನೆ ಮಾಲೀಕರು ಬರೆದುಕೊಟ್ಟಿದ್ದಾರೆ, ಮೂರನೆಯವರು ಬೆಂಗಳೂರಲ್ಲಿದ್ದಾರಂತೆ. ವಿಳಾಸ ಕಳಿಸು, ನಾನೇ ಹೋಗಿ ಕೇಳ್ತೀನಿ ಅಂದಿದ್ದೇನೆ.