ನೂರೈವತ್ತು ಗ್ರಾಂ ಉಳಿಸಲು ಹೋಗಿ

ನಮ್ಮ ವರ್ಕ್‌ಶಾಪಿನ ಉಕ್ಕಿನ ಸೈಕಲ್ ಫ್ರೇಮಿನ ಆರ್ಡರ್ ಫಾರಂನಲ್ಲಿ ಬಣ್ಣಕ್ಕೇ ಮೂರು ಸಾಲುಗಳಿದ್ದವು: ಮೂಲ ಬಣ್ಣ, ಪಟ್ಟಿಯ ಬಣ್ಣ, ಲಗ್ (ಟ್ಯೂಬುಗಳ ಕೂಡುಗೆಗೆ ತೊಡಿಸುವ ಲೋಹದ ಕವಚ) ಅಂಚಿನ ಗೆರೆಯ ಬಣ್ಣ. ಸವಾರರ ತೂಕಕ್ಕೆ ಒಂದು ಚೌಕ. ಅವರು ಹೊರಿಸುವ ಲಗೇಜಿಗೆ ಒಂದೂ ಇರಲಿಲ್ಲ. ಫಾರಂ ಮಾಡಿದ್ದು ಯಜಮಾನರು, ಕೇಳದೆ ಟ್ಯೂಬ್ ಆರಿಸಿದ್ದು ನಾನು. ಹಾಗಾಗಿ ಬೈಗುಳವನ್ನು ಅರ್ಧರ್ಧ ಹಂಚಿಕೊಂಡಿದ್ದೇವೆ.

ಆರ್ಡರ್ ನೋಡಲು ಸರಳವಾಗಿತ್ತು. ಟೂರಿಂಗ್ ಫ್ರೇಮ್, 700ಸಿ ಚಕ್ರ, 38 ಮಿ.ಮೀ. ಟೈರು, ಅದರ ಮೇಲೆ ಮಡ್‌ಗಾರ್ಡ್, ಹಿಂದೆ ಕ್ಯಾರಿಯರ್, ಮೂರು ಬಾಟಲಿಗೆ ಜಾಗ. ಸವಾರರ ತೂಕ 62 ಕೆ.ಜಿ. "ಸರ್, ಆದಷ್ಟೂ ಹಗುರ ಇರಲಿ. ಲಗ್ ಕೆಲಸ ಮಾತ್ರ ಕಣ್ಣಿಗೆ ಕಾಣೋ ಹಾಗಿರಬೇಕು" ಅಂದರು. ಅವರು ಮೆಚ್ಚಿದ ಲಗ್ ಸೆಟ್ಟು ಬರುತ್ತಿದ್ದದ್ದು 28.6 ಮಿ.ಮೀ. ವ್ಯಾಸದ ಟಾಪ್ ಟ್ಯೂಬ್ (ಸೀಟಿನ ಕಡೆಯಿಂದ ಮುಂದಕ್ಕೆ ಬರುವ ಮೇಲಿನದು), 31.8ರ ಡೌನ್ ಟ್ಯೂಬಿಗೆ (ಪೆಡಲಿನ ಕಡೆಯಿಂದ ಮುಂದಕ್ಕೆ ಏರುವ ಓರೆಯದು). ಲಗ್ಗಿಗೆ ಹೂಂ ಅಂದ ಗಳಿಗೆಯಲ್ಲೇ ವ್ಯಾಸ ತೀರ್ಮಾನವಾಗಿಬಿಡುತ್ತದೆ; ಆಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಗೋಡೆಯ ದಪ್ಪ ಒಂದೇ. ಹಗುರ ಮೈಯ ಸವಾರರಲ್ಲವೇ ಎಂದು ಎರಡಕ್ಕೂ 0.8/0.5/0.8 ಎತ್ತಿಕೊಂಡೆ, ಅಂದರೆ ತುದಿಗಳಲ್ಲಿ 0.8 ಮಿ.ಮೀ., ನಡುವೆ 0.5. ಪೆಡಲಿನ ಅಚ್ಚಿನಿಂದ ಹಿಂದಿನ ಆಕ್ಸಲ್‌ವರೆಗಿನ ಟ್ಯೂಬು, ಚೈನ್‌ಸ್ಟೇ, ಗಿಡ್ಡದಾಗಿ 435 ಮಿ.ಮೀ. ಗಾಡಿ ಚುರುಕಾಗಿರಲಿ ಎಂಬ ಆಸೆ. ಟೂರಿಂಗ್ ಗಾಡಿಗೆ ಯಾರು ಕೇಳಿದ್ದರು ಆ ಚುರುಕನ್ನು?

ಡ್ರಾಯಿಂಗ್ ಸಾಫ್ಟ್‌ವೇರ್ ಬಗ್ಗೆಯೂ ಒಂದು ಮಾತು. ಅದು ಟ್ರೇಲ್ ಅನ್ನು (ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕೂ ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಮಿ.ಮೀ.ನ ನೂರನೇ ಒಂದು ಭಾಗದವರೆಗೂ ತೋರಿಸುತ್ತದೆ. 24 ಕೆ.ಜಿ. ಹೊರಿಸಿದಾಗ ಫ್ರೇಮ್ ಎಷ್ಟು ತಿರುಚಿಕೊಳ್ಳುತ್ತದೆ ಅಂತ ಮಾತ್ರ ತುಟಿ ಬಿಚ್ಚುವುದಿಲ್ಲ. ಪರದೆಯ ಮೇಲೆ ಎಲ್ಲ ಗೆರೆಯೂ ನೆಟ್ಟಗಿರುತ್ತದೆ, ನಾವು ಸಹಿ ಹಾಕಿಸಿಕೊಳ್ಳುತ್ತೇವೆ.

ಬ್ರೇಜಿಂಗ್, ಅಂದರೆ ಕರಗಿಸಿದ ಕಡ್ಡಿಯಿಂದ ಟ್ಯೂಬುಗಳನ್ನು ಬೆಸೆಯುವ ಕೆಲಸ, ಚೆನ್ನಾಗಿಯೇ ಆಯಿತು. ಶೇ. 56ರ ಬೆಳ್ಳಿ ಕಡ್ಡಿ 650 ಡಿಗ್ರಿ ಆಸುಪಾಸಿನಲ್ಲಿ ಹರಿಯುತ್ತದೆ, ಟ್ಯೂಬಿಗೂ ಸಂಕಟವಿಲ್ಲ. ಸರ್ಫೇಸ್ ಪ್ಲೇಟಿನ ಮೇಲೆ ಹೆಡ್ ಟ್ಯೂಬು (ಹ್ಯಾಂಡಲಿನ ಕೆಳಗಿನದು), ಸೀಟ್ ಟ್ಯೂಬು ಒಂದೇ ಸಮತಲದಲ್ಲಿ. ಹಿಂದಿನ ಚಕ್ರದ ಆಕ್ಸಲ್ ಕೂರುವ ಡ್ರಾಪ್‌ಔಟ್ ಅಂತರ 135. ಖಾಲಿ ಗಾಡಿಯನ್ನು ಓಡಿಸಿ ನೋಡಿದೆ, ಎರಡೂ ಕೈ ಬಿಟ್ಟರೂ ಗೆರೆ ಎಳೆದ ಹಾಗೆ ಹೋಯಿತು. ಕೊಟ್ಟು ಕಳಿಸಿದೆವು.

ಮೊದಲ ಪ್ರವಾಸದಿಂದಲೇ ಫೋನು ಬಂತು. "ಸರ್, ಇಳಿಜಾರಲ್ಲಿ ಹ್ಯಾಂಡಲ್ ತಲೆ ಅಲ್ಲಾಡಿಸ್ತಿದೆ."

"ಹೆಡ್‌ಸೆಟ್ ಸಡಿಲ ಆಗಿರುತ್ತೆ, ತಗೊಂಡು ಬನ್ನಿ" ಅಂದುಬಿಟ್ಟೆ. ಹ್ಯಾಂಡಲ್ ತಿರುಗುವ ಬೇರಿಂಗೇ ಹೆಡ್‌ಸೆಟ್. ಗಾಡಿ ನೋಡದೆ ಫೋನಿನಲ್ಲೇ ರೋಗ ಹೇಳಿದ್ದು ಇವತ್ತಿಗೂ ಚುಚ್ಚುತ್ತದೆ.

ಅವರು ಲಗೇಜಿನ ಸಮೇತ ಬಂದರು. ಮುಂದಿನ ಬ್ರೇಕ್ ಹಿಡಿದು, ಹೆಡ್‌ಸೆಟ್ಟಿನ ಕೆಳಗಿನ ಕಪ್ಪಿನ ಮೇಲೆ ಬೆರಳಿಟ್ಟು, ಹಿಂದೆ ಮುಂದೆ ದೂಡಿ ನೋಡಿದೆ. ಆಟವಿಲ್ಲ. ಚಕ್ರ ಬಿಚ್ಚಿ ಸ್ಟ್ಯಾಂಡಿಗೆ ಹಾಕಿದೆ, ಸ್ಪೋಕ್ ಬಿಗಿತ ಸಮನಾಗಿತ್ತು. ಟೈರು ರಿಮ್ಮಿನಲ್ಲಿ ಸರಿಯಾಗಿ ಕೂತಿತ್ತು. ಕ್ಯಾರಿಯರಿನ ಎಂ5 ಬೋಲ್ಟುಗಳೆಲ್ಲ ಬಿಗಿಯಾಗಿದ್ದವು. ಒಂದೊಂದು ತಪಾಸಣೆ ಮುಗಿದಾಗಲೂ "ಇಲ್ಲೇನೂ ಇಲ್ಲ" ಅಂತ ನಾನೇ ಹೇಳಬೇಕಿತ್ತು. ಅವರು ಕೈಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ಬೋಲ್ಟು ಒಂದಾದರೂ ಸಡಿಲ ಇರಲಿ ಅಂತ ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದೆ.

ಕೊನೆಗೆ ಚೀಲಗಳನ್ನು ತೂಗಿದೆ. ಎರಡೂ ಸೇರಿ 24 ಕೆ.ಜಿ., ಪೂರ್ತಿ ಹಿಂದೆ. ಗಾಡಿಗೆ ಮತ್ತೆ ಸಿಕ್ಕಿಸಿ, ಪಕ್ಕದಲ್ಲಿ ನಿಂತು, ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಹ್ಯಾಂಡಲಿನ ಸ್ಟೆಮ್ ಹಿಡಿದು ಅಡ್ಡಕ್ಕೆ ಜಗ್ಗಿದೆ. ಚೀಲಗಳು ಎಡಕ್ಕೆ ಹೋದರೆ ಹೆಡ್ ಟ್ಯೂಬು ಬಲಕ್ಕೆ ಹೊರಳುತ್ತಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಕಣ್ಣಿಗೇ ಕಾಣುತ್ತಿತ್ತು.

ಆದರೂ ಓಡಿಸಿ ನೋಡದೆ ಒಪ್ಪಿಕೊಳ್ಳುವ ಮನಸ್ಸಾಗಲಿಲ್ಲ. ಇಳಿಜಾರಿನಲ್ಲಿ 30 ಕಿ.ಮೀ. ವೇಗದವರೆಗೂ ಏನೂ ಇಲ್ಲ. 38ರ ಹತ್ತಿರ ಹ್ಯಾಂಡಲಿನಲ್ಲಿ ಸಣ್ಣಗೆ ನಡುಕ ಶುರುವಾಯಿತು. ಗಟ್ಟಿಯಾಗಿ ಹಿಡಿದಷ್ಟೂ ಜೋರಾಯಿತು. ಮುಂಗೈ ಬಿಗಿ ಮಾಡಿದರೆ ನಮ್ಮ ಮೈಯೂ ಆ ತೂಗಾಟಕ್ಕೆ ಸೇರಿಕೊಳ್ಳುತ್ತದೆ. ಮುಂದಿನ ಬ್ರೇಕ್ ಒತ್ತಿದರೆ ಮುಂಚಕ್ರದ ಮೇಲೆ ಭಾರ ಬಿದ್ದು ಇನ್ನೇನಾಗುತ್ತದೋ ಎಂಬ ಭಯ. ಮಂಡಿಯನ್ನು ಟಾಪ್ ಟ್ಯೂಬಿಗೆ ಒತ್ತಿ ಹಿಡಿದು, ಸೀಟಿನಿಂದ ಒಂಚೂರು ಮೇಲೆದ್ದು, ಹಿಂದಿನ ಬ್ರೇಕನ್ನು ಮೆಲ್ಲಗೆ ತಾಗಿಸಿದೆ. ನಾಲ್ಕೈದು ಸೆಕೆಂಡ್ ಇರಬೇಕು, ಅಷ್ಟರಲ್ಲಿ ನಿಂತಿತು. ಮಂಡಿ ಒತ್ತಿದ ಕೂಡಲೇ ನಡುಕ ಸತ್ತಿತು ಅಂದಮೇಲೆ ಹೆಡ್‌ಸೆಟ್ಟಿನ ಮೇಲೆ ತಪ್ಪು ಹೊರಿಸುವ ದಾರಿಯೂ ಮುಚ್ಚಿತು.

ತಿರುಚಾಟಕ್ಕೆ ಟ್ಯೂಬು ಒಡ್ಡುವ ಬಿಗಿ ವ್ಯಾಸದ ಘನದಷ್ಟು ಏರುತ್ತದೆ, ಗೋಡೆಯ ದಪ್ಪಕ್ಕೆ ನೇರವಾಗಿ ಏರುತ್ತದೆ. 28.6ರ ಬದಲು 31.8 ಟಾಪ್ ಟ್ಯೂಬ್, ನಡುವಿನ ಗೋಡೆ 0.5ರ ಬದಲು 0.6 ಹಾಕಿದ್ದರೆ ಬಿಗಿ ಸುಮಾರು ಶೇ. 65 ಹೆಚ್ಚುತ್ತಿತ್ತು. ಡೌನ್ ಟ್ಯೂಬನ್ನು 31.8ರಿಂದ 34.9ಕ್ಕೆ, ಅದೇ 0.6ರ ಗೋಡೆಗೆ ಏರಿಸಿದ್ದರೆ ಅಲ್ಲೂ ಸುಮಾರು ಶೇ. 60. ಇದಕ್ಕೆ ತೆರಬೇಕಾದ ತೂಕ ಟಾಪ್ ಟ್ಯೂಬಿನಲ್ಲಿ 70 ಗ್ರಾಂ, ಡೌನ್ ಟ್ಯೂಬಿನಲ್ಲಿ 85 ಗ್ರಾಂ ಆಸುಪಾಸು. ಕಾಲು ಲೀಟರ್ ನೀರಿನಷ್ಟೂ ಇಲ್ಲ.

ಗಿರಾಕಿಗಳಿಗೆ ಟ್ಯೂಬಿನ ಹೆಸರಿನ ಮೋಹ ಬೇರೆ. ಬ್ರಿಟನ್ನಿನ ಟ್ಯೂಬ್ ಕಂಪನಿ ರೆನಾಲ್ಡ್ಸ್ 1935ರಲ್ಲಿ ತಂದ 531 ಉಕ್ಕಾಗಲಿ, ಈಗಿನ 853 ಆಗಲಿ, ವ್ಯಾಸ ಮತ್ತು ಗೋಡೆ ಒಂದೇ ಇದ್ದರೆ ಬಗ್ಗುವುದೂ ತಿರುಚುವುದೂ ಹೆಚ್ಚುಕಮ್ಮಿ ಒಂದೇ. ದುಬಾರಿ ಉಕ್ಕು ಬಲವಾದದ್ದು, ಬೇಗ ತಗ್ಗು ಬೀಳುವುದಿಲ್ಲ, ಆದ್ದರಿಂದ ತೆಳುವಾಗಿ ಎಳೆಯಬಹುದು. ಆದರೆ ತೆಳುವಾದಷ್ಟೂ ತೂಗಾಡುತ್ತದೆ. ಒಳ್ಳೆ ಉಕ್ಕು ಹಾಕಿದ್ದೀನಲ್ಲ ಎಂಬ ಧೈರ್ಯದಲ್ಲೇ ನಾನೂ 0.5ಕ್ಕೆ ಇಳಿದಿದ್ದು.

ಚೈನ್‌ಸ್ಟೇ ವಿಷಯ ಆಮೇಲೆ ಬಯಲಾಯಿತು. ಅವರ ಶೂ 45ನೇ ಅಳತೆಯದು. 435ರ ಚೈನ್‌ಸ್ಟೇಯಲ್ಲಿ ಪೆಡಲು ತುಳಿದಾಗ ಹಿಮ್ಮಡಿ ಚೀಲಕ್ಕೆ ಬಡಿಯುತ್ತಿತ್ತಂತೆ. ನಮ್ಮನ್ನು ಕೇಳದೆ ಕೊಕ್ಕೆಗಳನ್ನು ಕ್ಯಾರಿಯರಿನ ತುದಿಗೆ ಸರಿಸಿಕೊಂಡಿದ್ದರು. ಚೀಲದ ಭಾರವೆಲ್ಲ ಆಕ್ಸಲ್‌ಗಿಂತ ಹಿಂದಕ್ಕೆ ಹೋಯಿತು, ಬಾಲ ಭಾರವಾಗಿ ಮುಂದಿನ ಚಕ್ರ ಹಗುರಾಯಿತು. ಅವರನ್ನು ದೂರುವಂತಿಲ್ಲ. ಶೂ ಅಳತೆ ಕೇಳಬೇಕಿದ್ದವನು ನಾನು. ಪೆಡಲಿನ ಮೇಲೆ ಶೂ ಇಟ್ಟು, ಚೀಲ ತೂಗುಹಾಕಿ, ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ನೋಡಲು ಎರಡು ನಿಮಿಷ ಸಾಕಿತ್ತು.

ತಾತ್ಕಾಲಿಕವಾಗಿ 10 ಕೆ.ಜಿ. ಮುಂದಕ್ಕೆ ಹಾಕೋಣ ಎಂದು ನೋಡಿದರೆ ಫೋರ್ಕಿನಲ್ಲಿ ಲೋ-ರೈಡರ್ ಬಾಸ್ (ಮುಂದಿನ ಕ್ಯಾರಿಯರನ್ನು ಬೋಲ್ಟ್ ಮಾಡುವ ಬಿರಡೆ) ಇಲ್ಲ. ಆರ್ಡರಿನಲ್ಲಿ ಇರಲಿಲ್ಲ, ನಾನೂ ಹಾಕಲಿಲ್ಲ. ಬಣ್ಣ ಬಳಿಯುವ ಮುಂಚೆ ಅರ್ಧ ತಾಸಿನ ಕೆಲಸ; ಬಳಿದ ಮೇಲೆ ಬಣ್ಣ ಸುಟ್ಟೇ ಮಾಡಬೇಕು. ಕ್ಲಾಂಪ್ ಕಟ್ಟಿ ಪರೀಕ್ಷೆ ಮಾಡಿದಾಗ ನಡುಕ ಬಹಳ ಇಳಿಯಿತು, ಪೂರ್ತಿ ಹೋಗಲಿಲ್ಲ.

ಟ್ಯೂಬು ಮಾತ್ರ ಬದಲಿಸೋಣವೆಂದರೆ ದಪ್ಪ ಟ್ಯೂಬು ಹಳೇ ಲಗ್ಗಿನೊಳಗೆ ಹೋಗುವುದಿಲ್ಲ. ಯಜಮಾನರು ಮುಖ ಗಂಟಿಕ್ಕಿ ಕ್ಯೂ ಪಟ್ಟಿ ನೋಡಿದರು. ನಮ್ಮ ಖರ್ಚಿನಲ್ಲೇ ಹೊಸ ಫ್ರೇಮ್ ಅಂತಾಯಿತು. ಈ ಸಲ ಫಿಲೆಟ್ ಬ್ರೇಜಿಂಗ್, ಅಂದರೆ ಲಗ್ ಇಲ್ಲದೆ ಕೂಡುಗೆಯ ಸುತ್ತ ಹಿತ್ತಾಳೆ ತುಂಬುವುದು; ಅದಕ್ಕೆ ವ್ಯಾಸದ ಕಟ್ಟುಪಾಡಿಲ್ಲ. ಹಿತ್ತಾಳೆ ಕಡ್ಡಿಗೆ 880 ಡಿಗ್ರಿ ಹತ್ತಿರ ಬೇಕು, ಬೆಳ್ಳಿಗಿಂತ ಇನ್ನೂರು ಡಿಗ್ರಿಗೂ ಹೆಚ್ಚು. ಹಾಗಾಗಿ ಬಟ್ (ತುದಿಯ ದಪ್ಪ ಗೋಡೆಯ ಭಾಗ) ಎಲ್ಲಿ ಮುಗಿಯುತ್ತದೆ ಎಂದು ಟ್ಯೂಬಿನ ಮೇಲೆ ಗುರುತು ಹಾಕಿಕೊಂಡೇ ಗರಗಸ ಇಡಬೇಕು. ಉದ್ದ ಬಟ್ ಇರುವ ಕಡೆಯಿಂದ ಕತ್ತರಿಸದೆ ಇನ್ನೊಂದು ಕಡೆಯಿಂದ ಕತ್ತರಿಸಿದರೆ ಕೂಡುಗೆ ತೆಳು ಗೋಡೆಯ ಮೇಲೆ ಬಂದು ಕೂರುತ್ತದೆ, ಆ ಬಿಸಿಗೆ ಅದು ತಡೆಯುವುದಿಲ್ಲ. ಚೈನ್‌ಸ್ಟೇ 455. ಹಳೇ ಫೋರ್ಕಿಗೇ ಬಾಸ್ ಬ್ರೇಜ್ ಮಾಡಿ ಬಣ್ಣ ಬಳಿದೆವು. ಲಗ್ ಇಲ್ಲವಲ್ಲ ಎಂದು ಅವರಿಗೆ ಬೇಸರವಿತ್ತು, ಅದು ಹೋಗಿದೆ ಅಂತ ಹೇಳಲಾರೆ.

ಈಗ ಟೂರಿಂಗ್ ಗಾಡಿ ಬಣ್ಣಕ್ಕೆ ಹೋಗುವ ಮುಂಚೆಯೇ ಹಳೇ ಚಕ್ರ ಸಿಕ್ಕಿಸಿ, ಹಿಂದಿನ ಎರಡು ಚೀಲಕ್ಕೆ ತಲಾ 12 ಕೆ.ಜಿ. ಮರಳು ತುಂಬಿ, ಇಳಿಜಾರಿನಲ್ಲಿ ಬಿಟ್ಟು ನೋಡುತ್ತೇನೆ. ಬಾಸ್ ಬ್ರೇಜ್ ಮಾಡುವುದಿದ್ದರೂ ಆಗಲೇ. ಬರಿಯ ಫ್ರೇಮಿಗೆ ಮರಳು ಮೆತ್ತಿಕೊಳ್ಳುತ್ತದೆ ಎಂದು ಯಜಮಾನರ ಗೊಣಗಾಟ ಇದ್ದೇ ಇದೆ.

ಫಾರಂನಲ್ಲಿ ಬಣ್ಣದ ಒಂದು ಸಾಲು ತೆಗೆಸಿ ಲಗೇಜಿನ ಚೌಕ ಹಾಕಿಸಿದ್ದೇನೆ: ಮುಂದೆ ಎಷ್ಟು, ಹಿಂದೆ ಎಷ್ಟು, ಶೂ ಅಳತೆ ಎಷ್ಟು. ಹತ್ತರಲ್ಲಿ ಎಂಟು ಜನ "ಹೆಚ್ಚೇನಿಲ್ಲ" ಅಂತ ಬರೆಯುತ್ತಾರೆ. ಅಂಥವರಿಗೆ ಫೋನು ಮಾಡಿ, ಟೆಂಟು, ಒಲೆ, ಮಲಗುವ ಚೀಲ ಎಲ್ಲ ಕಟ್ಟಿಕೊಂಡು ಬನ್ನಿ ಅನ್ನುತ್ತೇನೆ. ಹೋದ ಸಲದ "ಹೆಚ್ಚೇನಿಲ್ಲ" 27 ಕೆ.ಜಿ. ತೂಗಿತು.