ರೀಫ್ ಟ್ಯಾಂಕಿನ ಹಸಿರು ಕೂದಲು ಪಾಚಿ: ಮದ್ದಿಗಿಂತ ಮೊದಲು ಬ್ರಷ್ಷು

ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ, ಪಾಚಿ ಕಂಡ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ, "ಏನು ಹಾಕಬೇಕು?" ಏನನ್ನೂ ಹಾಕುವ ಮೊದಲು ಒಂದು ಚಿಟಿಕೆ ಪಾಚಿ ಕಿತ್ತು, ಬಿಳಿ ತಟ್ಟೆಯಲ್ಲಿಟ್ಟು, ಭೂತಗನ್ನಡಿಯಲ್ಲಿ ನೋಡಿ. ಕಂದು, ಕೆಂಪು, ಹಸಿರು ಎಲ್ಲವನ್ನೂ ಪಾಚಿ ಅಂತಲೇ ಕರೆಯುತ್ತೇವೆ, ಆದರೆ ಒಂದನ್ನು ಸಾಯಿಸುವ ಉಪಾಯ ಇನ್ನೊಂದನ್ನು ಕೊಬ್ಬಿಸುತ್ತದೆ.

ಜೀವಿಗಳಿಲ್ಲದ ಒಣಕಲ್ಲು ಹಾಕಿ ಶುರು ಮಾಡಿದ ಹೊಸ ಟ್ಯಾಂಕಿನಲ್ಲಿ ಮೊದಲ ಕೆಲವು ವಾರಗಳಲ್ಲಿ ಮರಳು, ಗಾಜಿನ ಮೇಲೆ ಕೂರುವ ಕಂದು ಪುಡಿ ಡಯಾಟಮ್. ನೀರಿನಲ್ಲಿರುವ ಸಿಲಿಕೇಟ್ ಬಳಸಿಕೊಂಡು ಬೆಳೆಯುತ್ತದೆ, ಅದು ಮುಗಿದರೆ ತಾನಾಗಿ ಹೋಗುತ್ತದೆ. ಅದಕ್ಕೆ ದುಡ್ಡು ಖರ್ಚು ಮಾಡಬೇಡಿ. ಕಡುಗೆಂಪು ಲೋಳೆ ಹಾಸಿಕೊಂಡು, ಮೇಲೆ ಗಾಳಿಗುಳ್ಳೆ ಹಿಡಿದು, ಎಳೆದರೆ ಹಾಳೆಯಾಗಿ ಏಳುವುದು ಸಯನೋಬ್ಯಾಕ್ಟೀರಿಯಾ. ಅದು ಪಾಚಿಯೇ ಅಲ್ಲ. ನೀರಿನ ಹರಿವು ಸಾಲದ ಮೂಲೆಯಲ್ಲಿ, ಕೊಳೆ ಕೂತ ಮರಳಿನ ಮೇಲೆ ಬರುತ್ತದೆ. ಪೈಪಿನಲ್ಲಿ ಎಳೆದು ತೆಗೆದು, ಪವರ್‌ಹೆಡ್ಡನ್ನು (ನೀರು ತಳ್ಳುವ ಪಂಪು) ಆ ಮೂಲೆಗೆ ತಿರುಗಿಸಿದರೆ ಬಹಳಷ್ಟು ಸಲ ಸಾಕು.

ಮೋಸ ಮಾಡುವುದು ಡೈನೋಫ್ಲಾಜೆಲೇಟ್. ಕಂದು ಬಣ್ಣದ ಲೋಳೆ ಎಳೆಗಳು, ತುದಿಯಲ್ಲಿ ಗುಳ್ಳೆ; ಹಗಲು ಹೆಚ್ಚು, ರಾತ್ರಿ ದೀಪ ಆರಿದ ಮೇಲೆ ಕಡಿಮೆ. ಪರೀಕ್ಷೆ ಸುಲಭ: ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಸಣ್ಣ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ದೀಪದ ಕೆಳಗಿಡಿ. ತಿಳಿನೀರಿನಲ್ಲಿ ಮತ್ತೆ ಕಂದು ಎಳೆ ಕೂಡಿಕೊಂಡರೆ ಡೈನೋ ಎಂದೇ ಲೆಕ್ಕ. ಇದು ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ಟ್ಯಾಂಕಿನಲ್ಲೇ ಹೆಚ್ಚು ತಲೆಯೆತ್ತುವುದು. ಹಾಗಾಗಿ ಇಲ್ಲಿ ಪೋಷಕಾಂಶ ಇಳಿಸುವ ಬದಲು ಏರಿಸಬೇಕು: ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕ), ಫಾಸ್ಫೇಟ್ 0.1ರ ಹತ್ತಿರ. ಆಸ್ಟ್ರಿಯೋಪ್ಸಿಸ್ ಜಾತಿಯದಾದರೆ ರಾತ್ರಿ ಕಲ್ಲು ಬಿಟ್ಟು ನೀರಿಗೆ ಬರುವುದರಿಂದ, ಹರಿಯುವ ನೀರಿಗೆ ಹಾಕುವ ಯುವಿ (ಅತಿನೇರಳೆ) ದೀಪಕ್ಕೆ ಸಿಗುತ್ತದೆ. ಮರಳಿನಲ್ಲೇ ಇರುವ ಆಂಫಿಡಿನಿಯಮ್‌ಗೆ ಯುವಿ ಹಾಕಿ ಪ್ರಯೋಜನ ಇಲ್ಲ. ಬಸವನಹುಳುಗಳು ಸಾಲಾಗಿ ಸಾಯುತ್ತಿದ್ದರೆ ಆಸ್ಟ್ರಿಯೋಪ್ಸಿಸ್ ಮೇಲೆ ಅನುಮಾನ ಪಡಿ, ಅದು ವಿಷ ಬಿಡುತ್ತದೆ.

ಇನ್ನು ಈ ಬರಹದ ನಿಜವಾದ ವಿಷಯ, ಹಸಿರು ಕೂದಲು. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಡೆರ್ಬೀಸಿಯಾ ಮೆತ್ತಗೆ, ಕವಲು ಕಡಿಮೆಯಿರುವ ನೂಲು, ಹಿಡಿದೆಳೆದರೆ ಕೈಗೆ ಬರುತ್ತದೆ. ಬ್ರಯೋಪ್ಸಿಸ್‌ಗೆ ನಡುವೆ ಒಂದು ದಂಟು, ಎರಡೂ ಕಡೆ ಗರಿಯ ಹಾಗೆ ಕವಲು, ಕಲ್ಲಿನೊಳಗೆ ಬಿಗಿ ಹಿಡಿತ. ಕ್ಲಾಡೋಫೋರಾ ಮುಟ್ಟಿದರೆ ಒರಟು, ತಂತಿಯಂತೆ ಗಡುಸು. ಮೊದಲ ಎರಡರ ಎಳೆಯೊಳಗೆ ಅಡ್ಡಗೋಡೆಗಳೇ ಇಲ್ಲ, ಇಡೀ ಎಳೆಯೇ ಒಂದು ಜೀವಕೋಶ. ತುಂಡಾದರೆ ತುಂಡು ತನ್ನ ಗಾಯ ಮುಚ್ಚಿಕೊಂಡು ಇನ್ನೊಂದು ಕಡೆ ಬೇರೂರುತ್ತದೆ. ಟ್ಯಾಂಕಿನೊಳಗೇ ಕಲ್ಲು ಉಜ್ಜಿ ನೀರಲ್ಲಿ ತೇಲಿಬಿಡುವವರು ಪಾಚಿ ತೆಗೆಯುತ್ತಿಲ್ಲ, ನಾಟಿ ಮಾಡುತ್ತಿದ್ದಾರೆ.

"ಟೆಸ್ಟ್‌ನಲ್ಲಿ ಫಾಸ್ಫೇಟ್ ಸೊನ್ನೆ, ಆದರೂ ಪಾಚಿ" ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಇದರಲ್ಲಿ ವಿಚಿತ್ರ ಏನಿಲ್ಲ. ಟೆಸ್ಟ್ ಕಿಟ್ ಅಳೆಯುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಪಾಚಿ ಆಗಲೇ ಹೀರಿಕೊಂಡದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಅದೂ ಅಲ್ಲದೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲು, ಮರಳು ಎರಡೂ ಫಾಸ್ಫೇಟನ್ನು ಮೈಗೆ ಅಂಟಿಸಿಕೊಳ್ಳುತ್ತವೆ, ನೀರಿನಲ್ಲಿ ಕಡಿಮೆಯಾದಾಗ ವಾಪಸ್ ಬಿಡುತ್ತವೆ. ಫಾಸ್ಫೇಟ್ 0.40 ಇರುವಾಗ 20% ನೀರು ಬದಲಿಸಿದರೆ ಲೆಕ್ಕದಲ್ಲಿ 0.32 ಆಗಬೇಕು, ಆಗುತ್ತದೆ ಕೂಡ. ಎರಡು ಮೂರು ದಿನ ಬಿಟ್ಟು ಅಳೆದರೆ ಮತ್ತೆ ಹತ್ತಿರ ಹತ್ತಿರ ಹಳೆಯ ಅಂಕಿಯೇ. ನೀರು ಬದಲಿಸಿದ್ದು ವ್ಯರ್ಥವಾಯಿತೆಂದಲ್ಲ, ಕಲ್ಲು ಸಾಲ ತೀರಿಸುತ್ತಿದೆ. ಹಳೆಯ ಟ್ಯಾಂಕಿನಲ್ಲಿ ಇದು ತಿಂಗಳುಗಟ್ಟಲೆ ನಡೆಯುತ್ತದೆ.

ಬಣ್ಣದ ಚೀಟಿ ಹೋಲಿಸುವ ಕಿಟ್‌ನಲ್ಲಿ 0.03ಕ್ಕೂ 0.1ಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಹಾನಾ ಕಂಪನಿಯ ಡಿಜಿಟಲ್ ಚೆಕರ್ ಬೇಕು. ಎಚ್‌ಐ736 ಮಾದರಿ ತೋರಿಸುವುದು ಫಾಸ್ಫರಸ್, ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ) ಲೆಕ್ಕದಲ್ಲಿ. ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. 25 ಬಂದರೆ 0.077. ಗಾಜಿನ ಸೀಸೆಗೆ ಬೆರಳಿನ ಗುರುತಿದ್ದರೆ, ಪಾತ್ರೆ ಸೋಪಿನಿಂದ ತೊಳೆದಿದ್ದರೆ, ಪುಡಿ ಪೂರ್ತಿ ಕರಗದಿದ್ದರೆ ಅಂಕಿ ನಂಬಬೇಡಿ. ಹವಳವಿರುವ ಟ್ಯಾಂಕಿಗೆ ನಾವು ಇಟ್ಟುಕೊಳ್ಳುವ ಗುರಿ ನೈಟ್ರೇಟ್ 5–10, ಫಾಸ್ಫೇಟ್ 0.03–0.1. ಸೊನ್ನೆ ಗುರಿಯಲ್ಲ. ಹವಳಕ್ಕೂ ಇವೇ ಆಹಾರ.

ಒಳಬರುವ ನೀರಿನ ಬಗ್ಗೆ. ಬೆಂಗಳೂರಿನ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಸಾವಿರ ದಾಟುವುದೂ ಉಂಟು. ಅಡುಗೆಮನೆಯ ಆರ್‌ಒ ಇದೆಯಲ್ಲ ಅನ್ನುವವರಿಗೆ: ಅದರಲ್ಲಿ ರುಚಿಗೆಂದು ಒಂದಿಷ್ಟು ನೀರನ್ನು ಪೊರೆ ತಪ್ಪಿಸಿ ಬೆರೆಸುವ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಕುಡಿಯಲು ಸರಿ, ಹವಳಕ್ಕೆ ಅಲ್ಲ. ಸೆಡಿಮೆಂಟ್, ಕಾರ್ಬನ್, ಆರ್‌ಒ ಪೊರೆ, ಕೊನೆಗೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್, ಈ ನಾಲ್ಕೂ ಬೇಕು, ಟಿಡಿಎಸ್ ಮೀಟರ್ 0 ತೋರಿಸಬೇಕು. ಇನ್ನೊಂದು ಸೂಕ್ಷ್ಮ: ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ಹರಿಯುವ ಗುಣವನ್ನು, ಸಿಲಿಕಾ ಅದಕ್ಕೆ ಸರಿಯಾಗಿ ಸಿಕ್ಕುವುದಿಲ್ಲ. ರೆಸಿನ್ ದಣಿಯುತ್ತಿದ್ದಂತೆ ಮೊದಲು ನುಸುಳುವುದೂ ಅದೇ. ಹಳೆಯ ಟ್ಯಾಂಕಿನಲ್ಲಿ ಕಾರಣವಿಲ್ಲದೆ ಡಯಾಟಮ್ ಬಂತೆಂದರೆ ಮೀಟರ್ 0 ಇದ್ದರೂ ರೆಸಿನ್ ಬದಲಿಸಿ. ಆವಿಯಾದ ನೀರಿಗೆ ಬದಲಾಗಿ ದಿನಾ ಸುರಿಯುವುದು ಈ ಸೋಸಿದ ನೀರನ್ನೇ, ಅದರ ಕಸ ಟ್ಯಾಂಕಿನಲ್ಲೇ ಶೇಖರವಾಗುತ್ತದೆ.

ಈಗ ಕೈಕೆಲಸ. ಪಾಚಿ ದಟ್ಟವಾಗಿದ್ದಾಗ ಬಸವನಹುಳು ಬಿಟ್ಟರೆ ಅವು ತಿನ್ನುವುದಿಲ್ಲ, ಉದ್ದ ಎಳೆ ಅವಕ್ಕೆ ಬೇಡ. ಮೊದಲು ನಾವೇ ಬೋಳಿಸಬೇಕು.

ಎತ್ತಲು ಬರುವ ಕಲ್ಲನ್ನು ಟ್ಯಾಂಕಿನ ನೀರೇ ತುಂಬಿದ ಬಕೆಟ್‌ಗೆ ಹಾಕಿ, ಗಡಸು ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ಇನ್ನೊಂದು ಬಕೆಟ್‌ನಲ್ಲಿ ಜಾಲಿಸಿ. ಬುಡ ಬಿಡದ ಕಡೆ 3% ಹೈಡ್ರೋಜನ್ ಪೆರಾಕ್ಸೈಡನ್ನು ಬ್ರಷ್‌ನಿಂದ ಸವರಿ, ಒಂದೆರಡು ನಿಮಿಷ ನೊರೆಯೇಳಲು ಬಿಟ್ಟು, ಮೂರನೇ ಬಕೆಟ್‌ನಲ್ಲಿ ತೊಳೆದು ವಾಪಸ್ ಇಡಿ. ಮೆಡಿಕಲ್ ಶಾಪಿನ ಸೀಸೆ 6% ಎಂದಿದ್ದರೆ ಅಷ್ಟೇ ಆರ್‌ಒ ನೀರು ಬೆರೆಸಿ. ಹವಳದ ಮಾಂಸಕ್ಕೆ ತಾಗಿಸಬೇಡಿ, ಸಿಗಡಿಗಳಿಗಂತೂ ಇದು ಆಗುವುದಿಲ್ಲ. ಕಲ್ಲಿನ ಮೇಲೆ ಜೋವಾ ಅಥವಾ ಪಾಲಿಥೋವಾ ಹವಳ ಇದ್ದರೆ ಕೈಗವಸು, ಕನ್ನಡಕ ಹಾಕದೆ ಉಜ್ಜಬೇಡಿ. ಅವುಗಳಲ್ಲಿ ಪಾಲಿಟಾಕ್ಸಿನ್ ಇರಬಹುದು, ಮನುಷ್ಯನ ಪ್ರಾಣಕ್ಕೇ ಅಪಾಯ. ಅಂಥ ಕಲ್ಲನ್ನು ಬಿಸಿನೀರಿಗೆ ಹಾಕುವುದು, ಕುದಿಸುವುದು ಯಾವ ಕಾರಣಕ್ಕೂ ಕೂಡದು.

ಎತ್ತಲಾಗದ ಕಲ್ಲಿಗೆ ಹಲ್ಲುಜ್ಜುವ ಬ್ರಷ್ಷಿನ ತಲೆಯ ಪಕ್ಕದಲ್ಲೇ ಬಾಯಿ ಬರುವಂತೆ ಸಣ್ಣ ಪೈಪು ಕಟ್ಟಿ. ಪವರ್‌ಹೆಡ್ ಆಫ್ ಮಾಡಿ, ಉಜ್ಜುತ್ತಲೇ ಎಳೆಯಬೇಕು. ಪೈಪಿನ ಇನ್ನೊಂದು ತುದಿಯನ್ನು ಸಂಪ್‌ನ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಫಿಲ್ಟರ್ ಸಾಕ್‌ಗೆ, ಅಂದರೆ ಸೋಸುವ ಚೀಲಕ್ಕೆ, ಬಿಟ್ಟರೆ ತುಂಡುಗಳು ಅಲ್ಲೇ ನಿಲ್ಲುತ್ತವೆ, ನೀರು ವಾಪಸ್ ಬರುತ್ತದೆ, ಗಂಟೆಗಟ್ಟಲೆ ಕೆಲಸ ಮಾಡಬಹುದು. ಸಾಕ್ ಅದೇ ದಿನ ತೆಗೆದು ತೊಳೆಯಿರಿ. ವಾರಕ್ಕೊಮ್ಮೆ, ಕನಿಷ್ಠ ಆರು ವಾರ. ಕಿತ್ತು ಹೊರಗೆಸೆದ ಒಂದೊಂದು ಹಿಡಿಯ ಜೊತೆ ಅದರೊಳಗಿನ ನೈಟ್ರೇಟ್, ಫಾಸ್ಫೇಟ್ ಕೂಡ ಹೊರಗೆ ಹೋಗುತ್ತದೆ. 

ಜಿಎಫ್‌ಒ, ಅಂದರೆ ಕಬ್ಬಿಣದ ಆಕ್ಸೈಡ್ ಹರಳು, ಫಾಸ್ಫೇಟ್ ಹಿಡಿಯುವುದರಲ್ಲಿ ಗಟ್ಟಿಗ. ಅದೇ ಅದರ ಅಪಾಯವೂ ಹೌದು. 200 ಲೀಟರಿಗೆ 50 ಗ್ರಾಂ ಮೀರದಂತೆ ಶುರು ಮಾಡಿ, ಆರ್‌ಒ ನೀರಿನಲ್ಲಿ ಕಂದು ಪುಡಿ ಹೋಗುವವರೆಗೆ ತೊಳೆದು ರಿಯಾಕ್ಟರ್‌ಗೆ (ಪಂಪಿನಿಂದ ನೀರು ಹಾಯಿಸುವ ಕೊಳವೆ) ಹಾಕಿ, ಮೂರು ದಿನಕ್ಕೊಮ್ಮೆ ಅಳೆಯಿರಿ. 0.4ರಿಂದ 0.02ಕ್ಕೆ ಒಂದೇ ವಾರದಲ್ಲಿ ಇಳಿಸಿದರೆ ಅಕ್ರೋಪೋರಾ ಹವಳ ಬುಡದಿಂದ ಬಿಳಿಚಿಕೊಂಡು ಹೋಗಬಹುದು, ಹಿಂದೆಯೇ ಡೈನೋ ಬರಬಹುದು. ನಿಧಾನದ ದಾರಿ ಬೇಕಿದ್ದವರು ಸಂಪ್‌ನಲ್ಲಿ ಕೀಟೋಮಾರ್ಫಾ ಪಾಚಿ ಬೆಳೆಸಿ, ಅದಕ್ಕೆ ರಾತ್ರಿ ದೀಪ ಹಾಕಿ. ಮೇಲೆ ಕತ್ತಲಿರುವಾಗ ಕೆಳಗೆ ಬೆಳಕಿದ್ದರೆ ರಾತ್ರಿ ಪಿಎಚ್ ಇಳಿಯುವುದೂ ಕಡಿಮೆ.

ಬೋಳಿಸಿದ ಮೇಲೆ ಕಾವಲಿಗೆ ಜೀವಿಗಳು: ಟ್ರೋಕಸ್ ಬಸವನಹುಳು ಒಳ್ಳೆಯದು, ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ, ಅಸ್ಟ್ರೇಯಾ ಬಸವನಹುಳು ಹಾಗೇ ಬಿದ್ದಿದ್ದು ಸಾಯುತ್ತದೆ. ಟಕ್ಸೀಡೋ ಅರ್ಚಿನ್ (ಮುಳ್ಳುಚೆಂಡಿನಂಥ ಕಡಲಜೀವಿ) ಚೆನ್ನಾಗಿ ಮೇಯುತ್ತದೆ, ಆದರೆ ಅಂಟಿಸದ ಹವಳದ ತುಂಡನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಪಾಚಿ ತಿನ್ನುವ ಯೆಲ್ಲೋ ಟ್ಯಾಂಗ್ ಮೀನನ್ನು 200 ಲೀಟರಿನ ಸಣ್ಣ ಟ್ಯಾಂಕಿಗೆ ತರಬೇಡಿ.

ಇಷ್ಟಾದರೂ ಹೋಗದೆ ಉಳಿಯುವುದು ಸಾಮಾನ್ಯವಾಗಿ ಬ್ರಯೋಪ್ಸಿಸ್. ಅದಕ್ಕೆ ಫ್ಲೂಕೊನಜೋಲ್. ಮನುಷ್ಯರ ಶಿಲೀಂಧ್ರ ಸೋಂಕಿನ ಮಾತ್ರೆಯೇ, ವೈದ್ಯರ ಚೀಟಿ ಬೇಕು. ಪ್ರಮಾಣ ಲೀಟರಿಗೆ ಸುಮಾರು 5 ಮಿಲಿಗ್ರಾಂ, ಅದೂ ನಿಜವಾದ ನೀರಿಗೆ. 200 ಲೀಟರ್ ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದು 170 ಲೀಟರ್ ಉಳಿದರೆ 150 ಮಿಲಿಗ್ರಾಂನ 6 ಮಾತ್ರೆ. ನುಣ್ಣಗೆ ಪುಡಿ ಮಾಡಿ, ಒಂದೆರಡು ಲೀಟರ್ ಟ್ಯಾಂಕ್ ನೀರಿನಲ್ಲಿ ಚೆನ್ನಾಗಿ ಕಲಕಿ ಹರಿವಿರುವ ಕಡೆ ಸುರಿಯಿರಿ. ಬೇಗ ಕರಗುವ ಪುಡಿಯಲ್ಲ. ಫಿಲ್ಟರಿನಲ್ಲಿರುವ ಕಾರ್ಬನ್ ತೆಗೆಯಿರಿ, ಯುವಿ ದೀಪ ಆಫ್ ಮಾಡಿ, ಸ್ಕಿಮ್ಮರ್ (ನೊರೆಯೆಬ್ಬಿಸಿ ಕೊಳೆ ತೆಗೆಯುವ ಯಂತ್ರ) ಗಾಳಿಗಾಗಿ ಓಡಲಿ, ಅದರ ಕೊಳೆ ಸೇರುವ ಕಪ್ ತೆಗೆದಿಡಿ. 14 ದಿನ ನೀರು ಬದಲಿಸಬೇಡಿ. ಬೇಕೆಂದೇ ಬೆಳೆಸಿದ ಕೀಟೋಮಾರ್ಫಾ, ಕಾಲರ್ಪಾ ಪಾಚಿ ಇದ್ದರೆ ಮೊದಲೇ ಬೇರೆ ಪಾತ್ರೆಗೆ ಸಾಗಿಸಿ.

ಮೊದಲ ವಾರ ಏನೂ ಆದಂತೆ ಕಾಣುವುದಿಲ್ಲ. ಆ ಹೊತ್ತಿಗೆ ಅವಸರಪಟ್ಟು ಇನ್ನೊಂದು ಡೋಸ್ ಹಾಕುವುದು ಬೇಡ. ಬಣ್ಣ ತೆಳುವಾಗುತ್ತ, ಎರಡನೇ ವಾರಕ್ಕೆ ಬೂದು ಬಿಳಿಯಾಗಿ ಉದುರುತ್ತದೆ. ಕ್ಲಾಡೋಫೋರಾ ಹೀಗೆ ಸಾಯುತ್ತದೆಂದು ನಿರೀಕ್ಷಿಸಬೇಡಿ. ಸತ್ತ ಪಾಚಿ ಕೊಳೆತು ಫಾಸ್ಫೇಟ್ ಏರುತ್ತದೆ, ಹಾಗಾಗಿ ಬಿಳಿಯಾದದ್ದನ್ನು ಪೈಪಿನಲ್ಲಿ ಎಳೆಯುತ್ತಲೇ ಇರಬೇಕು. ಮೊದಲೇ ಬೋಳಿಸಿದವರಿಗೆ ಈ ಕಷ್ಟ ಕಡಿಮೆ. 14ರಿಂದ 21 ದಿನಕ್ಕೆ ಬುಡದಲ್ಲೂ ಹಸಿರಿಲ್ಲ ಎಂದು ಖಚಿತವಾದ ಮೇಲೆ 25% ನೀರು ಬದಲಿಸಿ, ಹೊಸ ಕಾರ್ಬನ್ ಹಾಕಿ, ಸ್ಕಿಮ್ಮರ್ ಕಪ್ ವಾಪಸ್ ಇಡಿ.

ಮತ್ತೆ ಬರುವುದಾದರೆ ಬಹುತೇಕ ಹೊಸ ಹವಳದ ಜೊತೆಗೇ ಬರುತ್ತದೆ, ಅದರ ಸೆರಾಮಿಕ್ ಬುಡದ ಸಂದಿಯಲ್ಲಿ. ಕೊಂಡು ತಂದ ತುಂಡನ್ನು ಆ ಬುಡದಿಂದ ಕತ್ತರಿಸಿ, ಹೊಸ ಬುಡಕ್ಕೆ ಜೆಲ್ ಸೂಪರ್‌ಗ್ಲೂನಲ್ಲಿ ಅಂಟಿಸಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕಿ.