ಪಾಂಡವರ ಸಿಂಗಾರಕ್ಕೆ ಬದುವಿನ ಹಸಿರು

ದೀಪಾವಳಿ ಪಾಡ್ಯದ ದಿನ ನಮ್ಮ ಬೀಳಗಿ ಕಡೆ ಸಗಣಿಯ ಪಾಂಡವರನ್ನು ಕೂಡಿಸುತ್ತೇವೆ. ತಲಬಾಗಿಲ ಎರಡೂ ಬದಿ, ದನದ ಕೊಟ್ಟಿಗೆಯಲ್ಲಿ, ತಿಪ್ಪೆಯ ಹತ್ತಿರ. ಒಂದು ಮುಷ್ಟಿ ಸಗಣಿ, ತುದಿ ಸ್ವಲ್ಪ ಚೂಪು, ಅಷ್ಟೇ. ಆದರೆ ಅವರನ್ನು ಸಿಂಗರಿಸೋದಕ್ಕೆ ಉತ್ತರಾಣಿ ಕಡ್ಡಿ, ಹೊನ್ನಾವರಿಕೆ ಹೂ, ಗುರೆಳ್ಳು ಹೂ, ಕರಿಕೆ ಅಂದರೆ ಗರಿಕೆ ಹುಲ್ಲು ಬೇಕು. ಚೆಂಡು ಹೂ ಒಂದನ್ನು ಸಂತೆಯಲ್ಲಿ ತರಬಹುದು. ಉಳಿದದ್ದಕ್ಕೆ ಹೊಲಕ್ಕೇ ಹೋಗಬೇಕು.

ಹೋದ ವರ್ಷ ಅಮಾವಾಸ್ಯೆಯ ದಿನ ಮಧ್ಯಾಹ್ನ ದೊಡ್ಡವ್ವನ ಜೊತೆ ಬುಟ್ಟಿ, ಕುಡಗೋಲು ಹಿಡಿದು ಹೊರಟೆ. ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಬಿಳಿಜೋಳ ಗೇಣುದ್ದ ಎದ್ದಿತ್ತು. ಹೊನ್ನಾವರಿಕೆ ಹುಡುಕೋ ಕಷ್ಟವೇ ಇರಲಿಲ್ಲ. ಮಳೆ ಕಡಿಮೆಯಾದರೂ ಆ ಗಿಡ ಜಗ್ಗೋದಿಲ್ಲ, ಮೈತುಂಬ ಹಳದಿ ಹೂ ಹೊತ್ತು ನಿಂತಿರುತ್ತದೆ. ಪಕ್ಕದ ಹೊಲದವರು ಮುಖ್ಯ ಬೆಳೆಯ ನಡುವಿನ ಅಕ್ಕಡಿ ಸಾಲಿಗೆ ಗುರೆಳ್ಳು ಹಾಕಿದ್ದರು. ಕೇಳಿ ಒಂದು ಹಿಡಿ ಹೂ ತಗೊಂಡೆವು.

ಉತ್ತರಾಣಿ ಮಾತ್ರ ನಮ್ಮ ಬದುವಿನಲ್ಲಿ ಒಂದೂ ಇರಲಿಲ್ಲ. ಬದುವಿನ ತುಂಬ ಸುಟ್ಟಂಥ ಕಂದು ಹುಲ್ಲು. ಕಳೆನಾಶಕ ಹೊಡೆದಿದ್ದರು. ಕೊನೆಗೆ ಹಳ್ಳದ ದಂಡೆಯಲ್ಲಿ, ಜಾಲಿ ಗಿಡದ ಬುಡದಲ್ಲಿ ಒಂದಿಷ್ಟು ಸಿಕ್ಕಿತು. ಉತ್ತರಾಣಿ ಕಡ್ಡಿಯನ್ನು ಹತ್ತಿರದಿಂದ ನೋಡಬೇಕು. ಕಾಯಿಗಳೆಲ್ಲ ಮುಖ ಕೆಳಗೆ ಮಾಡಿಕೊಂಡು ಕಾಂಡಕ್ಕೆ ಒತ್ತಿಕೊಂಡಿರುತ್ತವೆ. ಮೇಲಿಂದ ಕೆಳಗೆ ಸವರಿದರೆ ನುಣುಪು, ಕೆಳಗಿಂದ ಮೇಲೆ ಸವರಿದರೆ ಮುಳ್ಳು.

"ತಂಗಿ, ಬುಡಕ್ಕ ಕೊಯ್ಯಿ, ಮ್ಯಾಲ ಜಗ್ಗಬ್ಯಾಡ, ಚುಚ್ಚತೈತಿ" ಅಂದಳು ದೊಡ್ಡವ್ವ. ಅಷ್ಟೊತ್ತಿಗೆ ಅವಳ ಸೀರೆಯ ನಿರಿಗೆ ತುಂಬ ಉತ್ತರಾಣಿ ಕಾಯಿ. ಆ ಗಿಡ ಊರೂರು ತಿರುಗೋದು ಹಾಗೇ ಅಲ್ವಾ, ದನದ ಮೈಗೆ, ನಮ್ಮ ಬಟ್ಟೆಗೆ ಅಂಟಿಕೊಂಡು.

ರಾತ್ರಿ ಮಾವಿನ ಎಲೆಯನ್ನು ಪುಂಡಿ ನಾರಿಗೆ ಕಟ್ಟಿ ತೋರಣ ಮಾಡಿದೆವು. ಬಾಗಲಕೋಟೆ ಪೇಟೆಯಲ್ಲಿ ಪ್ಲಾಸ್ಟಿಕ್ ತೋರಣ ರಾಶಿ ರಾಶಿ ಸಿಗುತ್ತದೆ. ವರ್ಷಗಟ್ಟಲೆ ಬಾಳುತ್ತದೆ ಅಂತ ಕೊಳ್ಳುತ್ತಾರೆ. ಹಬ್ಬದ ತೋರಣ ಬಾಡಬೇಕು, ಮುಂದಿನ ಹಬ್ಬಕ್ಕೆ ಹೊಸದು ಕಟ್ಟಬೇಕು ಅನ್ನೋಳು ನಾನು.

ಪಾಡ್ಯದ ನಸುಕಿನಲ್ಲಿ ಸಗಣಿ ಕಲಸಿದೆವು. ತೀರ ತೆಳ್ಳಗಿದ್ದರೆ ಕಡ್ಡಿ ವಾಲುತ್ತದೆ, ಅದಕ್ಕೆ ಸ್ವಲ್ಪ ಬೂದಿ ಹಾಕಬೇಕು. ನಡುನೆತ್ತಿಗೆ ಉತ್ತರಾಣಿ, ಸುತ್ತ ಹೊನ್ನಾವರಿಕೆ, ಬುಡಕ್ಕೆ ಕರಿಕೆ. ಗುರೆಳ್ಳು ಹೂ ಬೇಗ ಬಾಡುತ್ತದೆ, ಅದನ್ನು ಕೊನೆಗೆ ಸಿಕ್ಕಿಸಿದೆವು. ಹಸಿ ಸಗಣಿಯ ಕಪ್ಪು ಹಸಿರಿನ ಮೇಲೆ ಆ ಹಳದಿ ಎಷ್ಟು ಚೆಂದ ಕಾಣುತ್ತದೆ!

ಊಟಕ್ಕೆ ಕೂತಾಗ ಅಣ್ಣನ ಹತ್ತಿರ ಬದುವಿನ ಮಾತು ತೆಗೆದೆ. "ಕಳೆ ತೆಗಿಯಾಕ ಆಳ ಎಲ್ಲಿ ಸಿಗ್ತಾವವ್ವಾ?" ಅಂದ. ಅವನ ಮಾತೂ ಸುಳ್ಳಲ್ಲ. ಹೊಲದೊಳಗಿನ ಕಳೆಗೆ ಏನಾದರೂ ಮಾಡು, ಬದುವಿಗೆ ಯಾಕೆ ಹೊಡೀಬೇಕು ಅಂತ ಕೇಳಿದೆ. ಉತ್ತರಾಣಿ ಅಷ್ಟೇ ಅಲ್ಲ, ದನಕ್ಕೆ ಹಸಿ ಹುಲ್ಲೂ ಅಲ್ಲೇ ಅಲ್ವಾ ಬೆಳೆಯೋದು? ದೊಡ್ಡವ್ವನೂ ನನ್ನ ಕಡೆಗೇ ಮಾತಾಡಿದಳು. ಹಳ್ಳದ ಕಡೆಯ ಬದುವಿಗೆ ಈ ವರ್ಷ ಔಷಧ ಹೊಡೆಯೋದಿಲ್ಲ ಅಂತ ಅಣ್ಣ ಒಪ್ಪಿದ್ದಾನೆ. ಉಳಿದ ಬದುಗಳ ಮಾತು ಇನ್ನೂ ನಡೆದಿದೆ.